‘ಗೋಡು’ ಎಂದರೆ ಯಾವ ಮಣ್ಣು?

ಪ್ರಶ್ನೆ: ಮಣ್ಣನ್ನು ಮುಟ್ಟಿಯೇ ಅದರ ಬಗೆ ಗುರುತಿಸುವುದರಲ್ಲಿ ಮಣ್ಣುವಿಜ್ಞಾನಿಗಳ ಕೈ ಎಷ್ಟು ಪಳಗಿದೆ ಎಂದು ಮಡಿಕೇರಿ ಕಡೆಯ ಕಾಫಿ ತೋಟದಲ್ಲೇ ನೋಡುವ ಪರೀಕ್ಷೆಗೆ, ಅಭ್ಯರ್ಥಿಗಳು ಉತ್ತರ ತುಂಬುವ ಕನ್ನಡ ನಮೂನೆ ಬೇಕಾಗಿದೆ. ಮರಳು, ಹೂಳು, ಜೇಡಿ ಮೂರೂ ಬೆರೆತ ‘ಲೋಮ್’ಗೆ ‘ಗೋಡು ಮಣ್ಣು’ ಎಂದು ಬರೆಯಬಹುದೇ? ಹಸಿಮಣ್ಣನ್ನು ಬೆರಳಲ್ಲಿ ಒತ್ತಿ ತೆಗೆಯುವ ‘ರಿಬ್ಬನ್’ಗೆ ಏನೆನ್ನೋಣ?

ಉತ್ತರ: ‘ಗೋಡು’ ಖಂಡಿತ ಬೇಡ. ಕೆರೆಯಿಂದ ಎತ್ತಿ ತೋಟಕ್ಕೆ ಹಾಕುವ ನುಣ್ಣನೆಯ ಹೂಳನ್ನು ರೈತರು ಕೆರೆಗೋಡು ಎನ್ನುತ್ತಾರೆ. ಲೋಮ್ ಎಂದರೆ ಬರೀ ಹೂಳಲ್ಲ. ಅದರಲ್ಲಿ ಜೇಡಿ ಶೇ 7ರಿಂದ 27, ಹೂಳು ಶೇ 28ರಿಂದ 50, ಉಳಿದದ್ದು ಮರಳು, ಅದೂ ಶೇ 52 ಮೀರುವಂತಿಲ್ಲ. ಅಭ್ಯರ್ಥಿ ‘ಗೋಡು’ ಎಂದು ಬರೆದರೆ ಇವೆರಡರಲ್ಲಿ ಯಾವುದೆಂದು ಅಂಕ ಹಾಕುವವರಿಗೆ ಗೊತ್ತಾಗದು. ‘ಲೋಮ್’ ಎಂದೇ ಇರಲಿ. ‘ರಚನೆ’ ಎಂಬ ಪದದ ಪಾಡೂ ಇದೇ: ಕಣಗಳ ಗಾತ್ರಕ್ಕೂ (ಟೆಕ್ಸ್ಚರ್) ರಚನೆ, ಅವು ಒಂದಕ್ಕೊಂದು ಅಂಟಿ ಹೆಂಟೆಯಾಗುವ ಬಗೆಗೂ (ಸ್ಟ್ರಕ್ಚರ್) ರಚನೆ. ಮೊದಲನೆಯದಕ್ಕೆ ‘ಕಣಗಾತ್ರ’, ಎರಡನೆಯದಕ್ಕೆ ‘ಹೆಂಟೆಕಟ್ಟು’ ಎಂದರೆ ಗೊಂದಲವಿಲ್ಲ.

ರಿಬ್ಬನ್‌ಗೆ ‘ಲಾಡಿ’ ಚೆನ್ನಾಗಿ ಒಪ್ಪುತ್ತದೆ. ಚಪ್ಪಟೆ, ಉದ್ದ, ಎಲ್ಲರೂ ಕಂಡದ್ದು. ಸೂಚನೆಯನ್ನು ಹೀಗೆ ಬರೆಯಬಹುದು: 2 ಮಿ.ಮೀ.ಗಿಂತ ದಪ್ಪದ ಗರಸು, ಬೇರು ಆರಿಸಿ ತೆಗೆದು, ಸುಮಾರು 25 ಗ್ರಾಂ ಮಣ್ಣನ್ನು ಅಂಗೈಯಲ್ಲಿ ಹಾಕಿಕೊಂಡು ಹನಿಹನಿಯಾಗಿ ನೀರು ಬಿಟ್ಟು ನಾದಿ. ಉಂಡೆ ನಿಂತರೆ ಹೆಬ್ಬೆರಳು ತೋರುಬೆರಳ ನಡುವೆ ಒತ್ತುತ್ತ ಲಾಡಿ ಹೊರಡಿಸಿ, ತನ್ನ ಭಾರಕ್ಕೆ ತಾನೇ ಹರಿಯುವವರೆಗೆ. 2.5 ಸೆಂ.ಮೀ. ಒಳಗೆ ಹರಿದರೆ ಲೋಮ್ ಗುಂಪು, 2.5ರಿಂದ 5ರೊಳಗೆ ಜೇಡಿ ಲೋಮ್ ಗುಂಪು, 5 ದಾಟಿದರೆ ಜೇಡಿ. ಆಮೇಲೆ ಚಿಟಿಕೆ ಮಣ್ಣನ್ನು ಅಂಗೈಯಲ್ಲಿ ನೀರುನೀರಾಗಿ ಕಲಸಿ ಉಜ್ಜಿ: ತರಿತರಿ ಎಂದರೆ ಮರಳು ಹೆಚ್ಚು, ನುಣುಪು ಎಂದರೆ ಹೂಳು ಹೆಚ್ಚು.

ಇಲ್ಲಿ ‘ಹದಕ್ಕೆ ನಾದಿ’ ಎಂದಷ್ಟೇ ಬರೆಯಬೇಡಿ. ರೈತನಿಗೆ ಮಣ್ಣಿನ ಹದ ಎಂದರೆ ಉಳುಮೆಗೆ ಒದಗುವ ತೇವ. ಲಾಡಿಗೆ ಬೇಕಾದ್ದು ಅದಕ್ಕಿಂತ ಹೆಚ್ಚು. ‘ಚಪಾತಿ ಹಿಟ್ಟಿನ ಹದ’ ಎನ್ನಿ. ಹೋಳಿಗೆಯ ಕಣಕದಷ್ಟು ಮೆದುವಾದರೆ ಲಾಡಿ ಜೋತುಬಿದ್ದು ಬೇಗ ಹರಿಯುತ್ತದೆ, ಜೇಡಿ ಮಣ್ಣೂ ಲೋಮ್ ಆಗಿಬಿಡುತ್ತದೆ.

ಕೊಡಗಿನ ಕೆಂಪು ಮಣ್ಣಿಗಾಗಿ ಇನ್ನೊಂದು ಪದ ಬೇಕೇ ಬೇಕು: ‘ಹುಸಿಮರಳು’. ಕಬ್ಬಿಣದ ಆಕ್ಸೈಡು ಜೇಡಿಯನ್ನು ಸಣ್ಣ ಸಣ್ಣ ಹರಳಾಗಿ ಬಿಗಿಯುವುದರಿಂದ ಅದು ಮೊದಲಿಗೆ ಬೆರಳಿಗೆ ಮರಳಿನಂತೆಯೋ ಹೂಳಿನಂತೆಯೋ ತಾಗುತ್ತದೆ. ನಾದಿದಂತೆಲ್ಲ ಹರಳು ಒಡೆದು ಅಂಟು ಏರುತ್ತದೆ, ಲಾಡಿ ಉದ್ದವಾಗುತ್ತದೆ. ಅರ್ಧ ನಿಮಿಷಕ್ಕೇ ತೀರ್ಪು ಕೊಟ್ಟವರು ಎಡವುವುದು ಇಲ್ಲೇ. ಬೆರಳಿಗೆ ಇನ್ನು ಬದಲಾವಣೆ ತಿಳಿಯದು ಎನ್ನುವವರೆಗೂ ನಾದಬೇಕು, ಒಣಗಿದಂತೆ ನೀರು ಸೇರಿಸುತ್ತಿರಬೇಕು. ನೆರಳುಮರದ ಕೆಳಗಿನ ಕಪ್ಪು ಮೇಲ್ಪದರದಲ್ಲಿ ತಪ್ಪು ಬೇರೆ ರೀತಿಯದು: ಕೊಳೆತ ಎಲೆಯ ಅಂಶವೇ ನುಣುಪು ಕೊಟ್ಟು ಹೂಳೆಂದು ನಂಬಿಸುತ್ತದೆ. ಹಾಗಾಗಿ ಒಂದೇ ಗುಂಡಿಯ ಮೇಲ್ಪದರ, ಕೆಳಪದರ ಎರಡರಿಂದಲೂ ಮಣ್ಣು ಕೊಟ್ಟು ನೋಡುವುದು ನ್ಯಾಯ.

ನಮೂನೆಯಲ್ಲಿ ‘ಲಾಡಿಯ ಉದ್ದ’ಕ್ಕೆ ಒಂದೇ ಅಂಕಣ ಸಾಲದು. ಒಂದು ನಿಮಿಷ ನಾದಿದಾಗ ಎಷ್ಟು, ಕೊನೆಗೆ ಎಷ್ಟು ಎಂದು ಎರಡು ಅಂಕಣ ಇಡಿ. ಹುಸಿಮರಳನ್ನು ಗುರುತಿಸಿದವರು ಯಾರೆಂದು ಆ ಎರಡು ಅಂಕಿಗಳ ಅಂತರದಲ್ಲೇ ಕಾಣುತ್ತದೆ.