ರಿಯೋ ಸಭೆ, ಟಿಬಿ ಲಸಿಕೆ ಮತ್ತು ನಮ್ಮ ಮನೆ ಗುಂಪು

ದೊಡ್ಡಪ್ಪ: (ಫಾರ್ವರ್ಡ್) "ನೂರು ವರ್ಷದಿಂದ ಟಿಬಿಗೆ ಒಂದೇ ಲಸಿಕೆ. ಆದರೂ 2024ರ ಅಕ್ಟೋಬರ್‌ನಲ್ಲಿ ವಿಜ್ಞಾನಿಗಳು ಬ್ರೆಜಿಲಿನ ರಿಯೋದಲ್ಲಿ ಮೂರು ದಿನ ಸಭೆ ಮಾಡಿದರು. ಸಮುದ್ರ ನೋಡಿ ಬಂದದ್ದು ಬಿಟ್ಟರೆ ಜನರಿಗೆ ಸಿಕ್ಕಿದ್ದೇನು? ಎಲ್ಲರಿಗೂ ಕಳಿಸಿ."

ದೊಡ್ಡಪ್ಪ: ಓದಿ ಎಲ್ಲರೂ. ಬರೆದವರು ಸರಿಯಾಗೇ ಬರೆದಿದ್ದಾರೆ.

ಅಣ್ಣ: ಅಪ್ಪ ಹೇಳುವುದರಲ್ಲಿ ಅರ್ಥ ಇದೆ. ಕೋವಿಡ್ ಲಸಿಕೆ ಒಂದು ವರ್ಷದೊಳಗೆ ಬಂತು. ಮನಸ್ಸು ಮಾಡಿದರೆ ಆಗುತ್ತದೆ ಅಂತ ಆಯಿತಲ್ಲ.

ನಾನು: ದೊಡ್ಡಪ್ಪ, ಒಂದೇ ಲಸಿಕೆ ಅನ್ನುವುದು ನಿಜ. ಅದರ ಹೆಸರು ಬಿಸಿಜಿ, ಮೊದಲ ಸಲ ಕೊಟ್ಟಿದ್ದು 1921ರಲ್ಲಿ, ಪ್ಯಾರಿಸ್‌ನ ಒಂದು ಹಸುಗೂಸಿಗೆ. ಆದರೆ ಆ ಸಭೆಯಲ್ಲಿ ಏನೂ ಆಗಲಿಲ್ಲ ಅನ್ನುವುದನ್ನು ನಾನು ಒಪ್ಪಲ್ಲ. ಅದು ಟಿಬಿ ಲಸಿಕೆ ಮೇಲೆ ಕೆಲಸ ಮಾಡುವವರು ಕೆಲವು ವರ್ಷಗಳಿಗೊಮ್ಮೆ ಸೇರುವ ಜಾಗತಿಕ ಸಭೆ. 2018ರಲ್ಲಿ ನಮ್ಮ ದೆಹಲಿಯಲ್ಲೇ ನಡೆದಿತ್ತು, 2022ರಲ್ಲಿ ಫ್ರಾನ್ಸಿನ ಟುಲೂಸ್‌ನಲ್ಲಿ. ಯಾವ ಲಸಿಕೆ ಎಲ್ಲಿಗೆ ಬಂತು, ಯಾವುದು ಸೋತಿತು ಅಂತ ಲೆಕ್ಕ ಒಪ್ಪಿಸುವ ಜಾಗ ಅದು.

ದೊಡ್ಡಪ್ಪ: ಲೆಕ್ಕ ಒಪ್ಪಿಸಲು ಅಷ್ಟು ದೂರ ಹೋಗಬೇಕಾ? ನಾವು ಇಲ್ಲೇ ಗುಂಪಿನಲ್ಲಿ ಮಾತಾಡುತ್ತಿಲ್ಲವಾ?

ನಾನು: ಅಣ್ಣ, ಮೊದಲು ನಿನ್ನ ಪ್ರಶ್ನೆ. ಕೋವಿಡ್‌ಗೂ ಟಿಬಿಗೂ ಹೋಲಿಸಬೇಡ. ಕೋವಿಡ್ ವೈರಸ್ಸಿನ ಮೈಮೇಲಿನ ಒಂದು ಪ್ರೋಟೀನಿಗೆ ಆ್ಯಂಟಿಬಾಡಿ ಹುಟ್ಟಿಸಿದರೆ ಬಹಳಷ್ಟು ಕೆಲಸ ಆಯಿತು. ಟಿಬಿ ಬ್ಯಾಕ್ಟೀರಿಯಾ ಹಾಗಲ್ಲ. ಅದನ್ನು ನುಂಗಿ ಕೊಲ್ಲಬೇಕಾದ ನಮ್ಮ ಬಿಳಿ ರಕ್ತಕಣದ ಒಳಗೇ ಅದು ಬದುಕುತ್ತದೆ, ಕಳ್ಳ ಪೊಲೀಸ್ ಠಾಣೆಯಲ್ಲೇ ಅಡಗಿ ಕೂತ ಹಾಗೆ. ಯಾವ ರಕ್ತ ಪರೀಕ್ಷೆ ಮಾಡಿ "ಇವರಿಗೆ ಲಸಿಕೆ ಹಿಡಿದಿದೆ" ಅಂತ ಹೇಳಬೇಕು ಅನ್ನುವುದೇ ಇನ್ನೂ ಗೊತ್ತಿಲ್ಲ. ಹಾಗಾಗಿ ಸಾವಿರಾರು ಜನರಿಗೆ ಹಾಕಿ, ಯಾರಿಗೆ ಕಾಯಿಲೆ ಬರುತ್ತದೆ ಅಂತ ವರ್ಷಗಟ್ಟಲೆ ಕಾಯಬೇಕು. ಸೋಂಕು ತಗುಲಿದವರಲ್ಲೂ ಹೆಚ್ಚಿನವರಿಗೆ ಕಾಯಿಲೆ ಬರುವುದೇ ಇಲ್ಲವಲ್ಲ.

ನಾನು: ಎಂ72 ಅಂತ ಒಂದು ಲಸಿಕೆ ಇದೆ. ದಕ್ಷಿಣ ಆಫ್ರಿಕಾ, ಕೀನ್ಯಾ, ಜಾಂಬಿಯಾಗಳಲ್ಲಿ ಸುಮಾರು 3,500 ಜನರ ಮೇಲೆ ಪರೀಕ್ಷೆ ಆಯಿತು. ಮೂರು ವರ್ಷ ಕಾದರೆ ಲಸಿಕೆ ಪಡೆದವರಲ್ಲಿ 13 ಜನಕ್ಕೆ ಟಿಬಿ ಬಂತು, ಪಡೆಯದವರಲ್ಲಿ 26. ಅಂದರೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ದೊಡ್ಡವರ ಶ್ವಾಸಕೋಶದ ಟಿಬಿ ತಡೆಯುವುದರಲ್ಲಿ ಇಷ್ಟು ಭರವಸೆ ಕೊಟ್ಟ ಹೊಸ ಲಸಿಕೆ ಅದಕ್ಕೆ ಮೊದಲು ಇರಲಿಲ್ಲ. ಮೊದಲ ಫಲಿತಾಂಶ ಬಂದದ್ದು 2018ರಲ್ಲಿ. ಮುಂದಿನ ದೊಡ್ಡ ಪರೀಕ್ಷೆ ಶುರುವಾಗಿದ್ದು 2024ರ ಮಾರ್ಚ್‌ನಲ್ಲಿ. ನಡುವೆ ಆರು ವರ್ಷ! ಸಿಟ್ಟು ಬರಬೇಕಾದದ್ದು ಇಲ್ಲಿ. ಟಿಬಿ ಬಡವರ ಕಾಯಿಲೆ, ಲಾಭ ಬರುವ ಮಾರುಕಟ್ಟೆ ಇಲ್ಲ. ಕೊನೆಗೆ ಗೇಟ್ಸ್ ಫೌಂಡೇಶನ್ ಮತ್ತು ವೆಲ್‌ಕಮ್ ಟ್ರಸ್ಟ್ ಅನ್ನುವ ದತ್ತಿ ಸಂಸ್ಥೆಗಳು ಸೇರಿ ಸುಮಾರು 55 ಕೋಟಿ ಡಾಲರ್ ಕೊಡುತ್ತೇವೆ ಅಂದ ಮೇಲೆ ಕೆಲಸ ಮುಂದೆ ಹೋಯಿತು.

ಅಣ್ಣ: 13 ಮತ್ತು 26? ಇಷ್ಟು ಚಿಕ್ಕ ಸಂಖ್ಯೆ ನಂಬಬಹುದಾ?

ನಾನು: ಪೂರ್ತಿ ನಂಬುವ ಹಾಗಿಲ್ಲ. ಅದಕ್ಕೇ ಈಗ 20,000 ಜನರವರೆಗೆ ಸೇರಿಸಿಕೊಳ್ಳುವ ಪರೀಕ್ಷೆ ಬೇಕಾಯಿತು.

ದೊಡ್ಡಪ್ಪ: ಅದೂ ಸರಿ. ಆದರೆ ಪರೀಕ್ಷೆ ಅಂದರೆ ಬಡವರ ಮೇಲೇ ಅಲ್ವಾ? ಆಗಿನ ಆಂಧ್ರದ, ಈಗಿನ ತೆಲಂಗಾಣದ ಖಮ್ಮಂನಲ್ಲಿ ಆದದ್ದು ಮರೆತುಬಿಟ್ಟಿಯಾ? ಹಾಸ್ಟೆಲ್ ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿದರು, ಒಪ್ಪಿಗೆ ಪತ್ರಕ್ಕೆ ವಾರ್ಡನ್‌ಗಳು ಸಹಿ ಹಾಕಿದರು. ಪೇಪರ್‌ನಲ್ಲಿ ನಾನೇ ಓದಿದ್ದೇನೆ.

ನಾನು: ಮರೆತಿಲ್ಲ ದೊಡ್ಡಪ್ಪ. 2010ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು, 2013ರಲ್ಲಿ ಸಂಸದೀಯ ಸಮಿತಿ ಕಟುವಾಗಿ ಬರೆಯಿತು. ಆಗ ಸತ್ತ ಹುಡುಗಿಯರ ಸಾವಿಗೆ ಲಸಿಕೆ ಕಾರಣ ಅಂತ ತನಿಖೆಯಲ್ಲಿ ಕಂಡುಬರಲಿಲ್ಲ. ಆದರೆ ಅಪ್ಪ ಅಮ್ಮನನ್ನು ಕೇಳದೆ ಹಾಕಿದ್ದು ತಪ್ಪೇ. ಅದಕ್ಕೆ ಪರಿಹಾರ, ಒಪ್ಪಿಗೆ ಕೇಳುವ ಕೆಲಸ ಸರಿಯಾಗಿ ಆಗಬೇಕು, ಅವರವರ ಭಾಷೆಯಲ್ಲಿ ಆಗಬೇಕು. ಪರೀಕ್ಷೆಯೇ ಬೇಡ ಅಂದರೆ ನಮಗೇ ನಷ್ಟ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಾನು: ಬ್ರಿಟನ್ನಿನ ಶಾಲಾ ಮಕ್ಕಳಿಗೆ 1950ರ ದಶಕದಲ್ಲಿ ಬಿಸಿಜಿ ಕೊಟ್ಟು ನೋಡಿದಾಗ ಮುಕ್ಕಾಲು ಪಾಲಿಗೂ ಜಾಸ್ತಿ ರಕ್ಷಣೆ ಸಿಕ್ಕಿತು. ಅದೇ ಬಿಸಿಜಿಯನ್ನು ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ 1968ರಿಂದ ಪರೀಕ್ಷೆ ಮಾಡಿದರು, ಎರಡೂವರೆ ಲಕ್ಷಕ್ಕೂ ಜಾಸ್ತಿ ಜನರನ್ನು ಸೇರಿಸಿಕೊಂಡು, ಅಷ್ಟು ದೊಡ್ಡ ಬಿಸಿಜಿ ಪರೀಕ್ಷೆ ಬೇರೆಲ್ಲೂ ಆಗಿರಲಿಲ್ಲ. 1979ರಲ್ಲಿ ಫಲಿತಾಂಶ ಬಂತು. ದೊಡ್ಡವರ ಶ್ವಾಸಕೋಶದ ಟಿಬಿಗೆ ರಕ್ಷಣೆ ಶೂನ್ಯ. ಒಂದೇ ಲಸಿಕೆ, ಎರಡು ನೆಲ, ಎರಡು ಉತ್ತರ. ಚೆಂಗಲ್ಪಟ್ಟಿನ ಜನರ ದೇಹಕ್ಕೆ ಮಣ್ಣು ನೀರಿನಲ್ಲಿರುವ, ಟಿಬಿ ಬ್ಯಾಕ್ಟೀರಿಯಾದ ಸಂಬಂಧಿಗಳಾದ ಬೇರೆ ಬ್ಯಾಕ್ಟೀರಿಯಾಗಳ ಪರಿಚಯ ಮೊದಲೇ ಇದ್ದದ್ದು ಕಾರಣ ಇರಬಹುದು ಅನ್ನುತ್ತಾರೆ. ಕಾರಣ ಏನೇ ಇರಲಿ, ಬೇರೆ ದೇಶದಲ್ಲಿ ಗೆದ್ದ ಲಸಿಕೆ ನಮ್ಮಲ್ಲೂ ಗೆಲ್ಲುತ್ತದೆ ಅಂತ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಎಂ72ರ ದೊಡ್ಡ ಪರೀಕ್ಷೆ ಆಫ್ರಿಕಾದ ದೇಶಗಳಲ್ಲಿ, ಇಂಡೋನೇಷ್ಯಾದಲ್ಲಿ ನಡೆಯುತ್ತಿದೆ. ಭಾರತ ಅದರಲ್ಲಿ ಇಲ್ಲ! ಪ್ರಪಂಚದ ಟಿಬಿ ರೋಗಿಗಳಲ್ಲಿ 26 ಶೇಕಡಾ ನಮ್ಮವರು, 2023ರ ಡಬ್ಲ್ಯುಎಚ್‌ಒ ಲೆಕ್ಕ. ಯಾರೋ ರಿಯೋಗೆ ಹೋದರು ಅಂತ ನಾವು ಜಗಳ ಆಡುತ್ತಿದ್ದೇವೆ, ಈ ಪಟ್ಟಿಯಲ್ಲಿ ನಮ್ಮ ಹೆಸರು ಯಾಕಿಲ್ಲ ಅಂತ ಒಬ್ಬರೂ ಕೇಳುತ್ತಿಲ್ಲ.

ಚಿಕ್ಕಮ್ಮ: ಪುಟ್ಟಿ, ಬಿಸಿಜಿ ಶೂನ್ಯ ಅಂತ ಬರೆದು ಬಿಡಬೇಡ. ಓದಿದವರು ಮಗುವಿಗೆ ಹಾಕಿಸುವುದನ್ನೇ ನಿಲ್ಲಿಸುತ್ತಾರೆ. ನಾನು ನರ್ಸ್ ಆಗಿದ್ದಾಗ ಮೆದುಳಿಗೆ ಟಿಬಿ ಹತ್ತಿದ ಮಕ್ಕಳನ್ನು ನೋಡಿದ್ದೇನೆ. ಕೂಸುಗಳಲ್ಲಿ ಅದನ್ನು ತಡೆಯುವುದು ಬಿಸಿಜಿಯೇ. ಹುಟ್ಟಿದ ಕೂಡಲೇ ಎಡ ತೋಳಿಗೆ ಹಾಕಿಸಲೇಬೇಕು.

ನಾನು: ಖಂಡಿತ ಚಿಕ್ಕಮ್ಮ. ನಾನು ಹೇಳಿದ್ದು ದೊಡ್ಡವರ ಶ್ವಾಸಕೋಶದ ಟಿಬಿ ಮಾತ್ರ. ಮಕ್ಕಳಿಗೆ ಬಿಸಿಜಿ ಬೇಕೇ ಬೇಕು.

ಅಣ್ಣ: ಹಾಗಾದರೆ ನಮ್ಮ ದೇಶದಲ್ಲಿ ಯಾವ ಪರೀಕ್ಷೆಯೂ ಇಲ್ಲವಾ?

ನಾನು: ಇದೆ. ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ 2019ರಲ್ಲಿ ರೋಗಿಗಳ ಮನೆಯವರು ಸುಮಾರು 12,000 ಜನರ ಮೇಲೆ ಎರಡು ಲಸಿಕೆಗಳ ಪರೀಕ್ಷೆ ಶುರು ಮಾಡಿತು. ಸ್ಪೇನಿನಲ್ಲಿ ಹುಟ್ಟಿದ ಎಂಟಿಬಿವ್ಯಾಕ್ ಅನ್ನುವ ಲಸಿಕೆಯನ್ನು ಹೈದರಾಬಾದಿನ ಭಾರತ್ ಬಯೋಟೆಕ್ 2024ರಲ್ಲಿ ಇಲ್ಲಿಯ ದೊಡ್ಡವರ ಮೇಲೆ ಪರೀಕ್ಷಿಸಲು ತೊಡಗಿತು. ಬಿಸಿಜಿ ಮಾಡಿದ್ದು ದನದ ಟಿಬಿ ಬ್ಯಾಕ್ಟೀರಿಯಾದಿಂದ. ಎಂಟಿಬಿವ್ಯಾಕ್ ಅನ್ನು ಮನುಷ್ಯರ ಟಿಬಿ ಬ್ಯಾಕ್ಟೀರಿಯಾವನ್ನೇ ದುರ್ಬಲ ಮಾಡಿ ತಯಾರಿಸಿದ್ದಾರೆ. ಸ್ಪೇನಿನ ವಿಶ್ವವಿದ್ಯಾಲಯ, ಹೈದರಾಬಾದಿನ ಕಂಪನಿ, ಆಫ್ರಿಕಾದ ಆಸ್ಪತ್ರೆ, ಇವರೆಲ್ಲ ಒಂದೇ ಕಾಯಿಲೆ ಮೇಲೆ ಕೆಲಸ ಮಾಡುವಾಗ ಒಂದೇ ರೀತಿ ಅಳೆಯಬೇಕಲ್ಲ ದೊಡ್ಡಪ್ಪ. ಅದು ಸುಮ್ನೆ ಇಮೇಲ್‌ನಲ್ಲಿ ಮುಗಿಯುವ ಮಾತಲ್ಲ. ಮುಖಾಮುಖಿ ಕೂತು ಜಗಳ ಆಡಿದರೇ ಆಗುವುದು.

ಅಣ್ಣ: ಒಂದು ಮಾತು ಕೇಳು. ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಡಾಕ್ಟರ್‌ಗಳು ಜಾರ್ಖಂಡ್‌ನಲ್ಲಿ ಮಾಡಿದ ಅಧ್ಯಯನ 2023ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತಲ್ಲ. ರೋಗಿಯ ಮನೆಯವರಿಗೆ ತಿಂಗಳಿಗೆ ಒಬ್ಬೊಬ್ಬರಿಗೆ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ ಕೊಟ್ಟರು. ಆ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು 39 ಶೇಕಡಾ ಕಡಿಮೆ ಆಯಿತು. ಅಕ್ಕಿ ಬೇಳೆಯಿಂದ ಇಷ್ಟು ಆಗುವುದಾದರೆ ಕೋಟಿಗಟ್ಟಲೆ ಡಾಲರ್ ಲಸಿಕೆಗೆ ಯಾಕೆ?

ನಾನು: ಒಳ್ಳೆ ಪ್ರಶ್ನೆ. ಆ ಅಧ್ಯಯನ ಓದಿ ನನಗೂ ತುಂಬಾ ಸಂತೋಷ ಆಗಿತ್ತು, ನಮ್ಮ ಮಂಗಳೂರಿನವರು ಅಂತ ಇನ್ನೂ ಜಾಸ್ತಿ. ನಾಳೆಯಿಂದಲೇ ಎಲ್ಲ ರೋಗಿಗಳ ಮನೆಗೂ ಅಕ್ಕಿ ಬೇಳೆ ಕೊಡಬೇಕು, ಲಸಿಕೆ ಬರಲಿ ಅಂತ ಕಾಯಬಾರದು. ಆದರೆ ಉಳಿದ 61 ಶೇಕಡಾ? ಹೊಟ್ಟೆ ತುಂಬಾ ಉಂಡವರಿಗೂ ಬರುತ್ತದಲ್ಲ? ನಮ್ಮ ಮನೆಯಲ್ಲೇ ಒಬ್ಬರು ಆರು ತಿಂಗಳು ಮಾತ್ರೆ ನುಂಗಿದರು, ಅವರಿಗೆ ಊಟಕ್ಕೇನೂ ಕೊರತೆ ಇರಲಿಲ್ಲ. 2023ರಲ್ಲಿ ಪ್ರಪಂಚದಲ್ಲಿ ಹನ್ನೆರಡೂವರೆ ಲಕ್ಷ ಜನ ಟಿಬಿಯಿಂದ ಸತ್ತರು. ಎರಡೂ ಬೇಕು.

ಅಣ್ಣ: ದುಡ್ಡು ಇರುವುದು ಒಂದಕ್ಕೇ ಅಂದಾಗ ಯಾವುದಕ್ಕೆ ಕೊಡಬೇಕು ಅಂತ ನಾನು ಕೇಳುತ್ತಿರುವುದು. ನಾನು ಈಗಲೂ ಅಕ್ಕಿ ಬೇಳೆ ಕಡೆಗೇ.

ನಾನು: ದುಡ್ಡು ಒಂದಕ್ಕೇ ಇದೆ ಅನ್ನುವುದನ್ನೇ ನಾನು ಒಪ್ಪಲ್ಲ. ಕೋವಿಡ್‌ಗೆ ಬೇಕಾದಾಗ ಎಲ್ಲಿಂದ ಬಂತು?

ದೊಡ್ಡಪ್ಪ: ಸಭೆ ಖರ್ಚಿನ ಬಗ್ಗೆ ನನ್ನ ಮಾತು ವಾಪಸ್ ತಗೊಳ್ಳಲ್ಲ. ಆದರೆ ಚೆಂಗಲ್ಪಟ್ಟಿನ ವಿಷಯ ಗೊತ್ತಿರಲಿಲ್ಲ. ಆ ದೊಡ್ಡ ಪರೀಕ್ಷೆಯಲ್ಲಿ ಭಾರತ ಯಾಕಿಲ್ಲ ಅನ್ನುವುದನ್ನು ನಾಲ್ಕು ಸಾಲಲ್ಲಿ ಬರೆದು ಕೊಡು. ನಮ್ಮ ನಿವೃತ್ತ ನೌಕರರ ಗುಂಪಿಗೆ ಹಾಕುತ್ತೇನೆ. ಅಲ್ಲಿ ಆರೋಗ್ಯ ಇಲಾಖೆಯಲ್ಲಿ ಇದ್ದವರು ಇದ್ದಾರೆ, ಉತ್ತರ ಕೊಡಲಿ.

ನಾನು: ಸಂಜೆಯೊಳಗೆ ಕಳಿಸುತ್ತೇನೆ ದೊಡ್ಡಪ್ಪ. ಒಪ್ಪಿಗೆ ಪತ್ರದ ನಿಮ್ಮ ಮಾತನ್ನೂ ಅದರಲ್ಲೇ ಹಾಕುತ್ತೇನೆ.

ಚಿಕ್ಕಮ್ಮ: ಭಾವ, ಅದರ ಕೆಳಗೆ ಇದನ್ನೂ ಸೇರಿಸಿ. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇದ್ದರೆ ಕಫ ಪರೀಕ್ಷೆ ಮಾಡಿಸಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಗೂ ಮಾತ್ರೆಗೂ ದುಡ್ಡು ಕೊಡಬೇಕಾಗಿಲ್ಲ.