42 ಪ್ರಶ್ನೆಯ ಫಾರಂ ತಂದಿರುವ ಕನ್ಸಲ್ಟೆಂಟ್: ನಮ್ಮಂಥ ಸಣ್ಣ ಸಂಸ್ಥೆಗೆ ಬೇಕಾ?

ನಾಲ್ಕೇಜನ:
ನಮ್ಮದು ಪುಟ್ಟ ಸಂಸ್ಥೆ. ಕೆಲಸ ಮಾಡುವವರು ನಾಲ್ಕೇ ಜನ. ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಓದು ಹೇಳಿಕೊಡುತ್ತೇವೆ, ತಿಂಗಳಿಗೆ ಎರಡು ಸಲ ಅಪ್ಪ ಅಮ್ಮಂದಿರ ಜೊತೆ ಕೂತು ಮಾತಾಡುತ್ತೇವೆ. ಹೆಸರು ಬರೆಸಿರುವ ಮಕ್ಕಳು 60. ಇಷ್ಟು ದಿನ ಎಷ್ಟು ಮಕ್ಕಳು ಬಂದರು, ಎಷ್ಟು ಸಭೆ ಆಯಿತು ಅಂತ ಬರೆದು ಕಳಿಸಿದರೆ ಸಾಕಾಗಿತ್ತು. ಈ ಸಲ ದುಡ್ಡು ಕೊಡುವವರು, ಅದೆಲ್ಲ ಇರಲಿ, ಮಕ್ಕಳಲ್ಲಿ ಏನು ಬದಲಾಯಿತು ತೋರಿಸಿ ಅಂತ ಪಟ್ಟು ಹಿಡಿದಿದ್ದಾರೆ.

ಒಬ್ಬ ಕನ್ಸಲ್ಟೆಂಟ್ ಸಿಕ್ಕರು. ಮೊದಲ ಭೇಟಿಯಲ್ಲೇ 42 ಪ್ರಶ್ನೆಯ ಫಾರಂ ಮುಂದಿಟ್ಟರು. ಪ್ರತಿ ಮನೆಯಲ್ಲೂ ವರ್ಷಕ್ಕೆ ಎರಡು ಸಲ ತುಂಬಿಸಬೇಕಂತೆ. ಮನೆಯಲ್ಲಿ ಜಗಳ ಎಷ್ಟು ಸಲ ಆಗುತ್ತದೆ ಅನ್ನುವ ಪ್ರಶ್ನೆಯೂ ಅದರಲ್ಲಿದೆ. ಅದನ್ನು ಕೇಳಿದ ಮೇಲೆ ಆ ತಾಯಿ ಮುಂದಿನ ಸಭೆಗೆ ಬರ್ತಾರಾ? ಇವರನ್ನು ಒಪ್ಪಿಕೊಳ್ಳಬೇಕಾ, ನಾವೇ ಮಾಡಿಕೊಳ್ಳಬಹುದಾ? ಅನುಭವ ಇರುವವರು ಹೇಳಿ.

ಸೋಸಿಕೇಳಿ:
ನನ್ನ ಹೊಟ್ಟೆಪಾಡೂ ಇದೇ ಕೆಲಸ, ಅದನ್ನು ಮನಸ್ಸಲ್ಲಿಟ್ಟುಕೊಂಡೇ ಓದಿ. ಮೊದಲ ದಿನವೇ ಫಾರಂ ತಂದರು ಅಂದರೆ ನಾಡಿ ಹಿಡಿಯದೆ ಮದ್ದು ಬರೆದ ಹಾಗಾಯಿತು. ಮೊದಲು ಕೇಳಬೇಕಾದದ್ದು ಇಷ್ಟೇ: ಉತ್ತರ ಸಿಕ್ಕರೆ ನೀವು ಏನನ್ನು ಬದಲಾಯಿಸುತ್ತೀರಿ? ಯಾರೂ ಏನೂ ಬದಲಾಯಿಸುವುದಿಲ್ಲ ಅನ್ನುವ ಪ್ರಶ್ನೆಯನ್ನು ಹೊಡೆದು ಹಾಕಿ. 42ರಲ್ಲಿ ಎಂಟು ಉಳಿದರೆ ಹೆಚ್ಚು.

ಆಮೇಲೆ ಒಂದೇ ಹಾಳೆಯಲ್ಲಿ ಬರೆಯಿರಿ. ನಾವು ಏನು ಮಾಡುತ್ತೇವೆ, ಅದರಿಂದ ಯಾರಲ್ಲಿ ಏನು ಬದಲಾಗಬೇಕು, ಯಾಕೆ ಹಾಗಾಗುತ್ತದೆ ಅಂತ ನಂಬಿದ್ದೇವೆ. ನಮ್ಮವರು ಲಾಜಿಕ್ ಮಾಡೆಲ್ ಅನ್ನೋದು ಇದನ್ನೇ. ಎಷ್ಟು ಸಭೆ ಅನ್ನುವುದು ನಿಮ್ಮ ಕೆಲಸದ ಲೆಕ್ಕ, ಮಗು ಓದುತ್ತದಾ ಅನ್ನುವುದು ಫಲ. ಓದಿಗೆ ಫಾರಂ ಯಾಕೆ ಹೇಳಿ? ಮಗುವಿನ ಕೈಗೆ ಒಂದು ಪ್ಯಾರಾ ಕೊಟ್ಟು ಒಂದು ನಿಮಿಷದಲ್ಲಿ ಎಷ್ಟು ಪದ ಸರಿಯಾಗಿ ಓದಿತು ಅಂತ ಎಣಿಸಿ. ಕೆಲವು ತಿಂಗಳು ಬಿಟ್ಟು ಅಷ್ಟೇ ಕಷ್ಟದ ಬೇರೆ ಪ್ಯಾರಾ ಕೊಟ್ಟು ಮತ್ತೆ ಎಣಿಸಿ. ಮಕ್ಕಳ ನಡವಳಿಕೆ ಅಳೆಯಲೇಬೇಕು ಅಂದರೆ ಸ್ವಂತ ಪ್ರಶ್ನೆ ಹೊಸೆಯಬೇಡಿ. ಗುಡ್‌ಮನ್ ಅನ್ನುವವರು 1997ರಲ್ಲಿ ಪ್ರಕಟಿಸಿದ ಎಸ್‌ಡಿಕ್ಯೂ ಅನ್ನುವ ಸಿದ್ಧ ಪ್ರಶ್ನಾವಳಿ ಇದೆ, ಬರೀ 25 ಸಾಲು.

ಅಪ್ಪ ಅಮ್ಮಂದಿರ ವಿಷಯದಲ್ಲಿ ಒಂದು ಗುಂಡಿ ಇದೆ, ನಾನೇ ಬಿದ್ದಿದ್ದೇನೆ. ಶುರುವಿನಲ್ಲಿ, ಮಗುವಿಗೆ ಕೋಪ ಬಂದಾಗ ಹೇಗೆ ಸಂಭಾಳಿಸಬೇಕು ಗೊತ್ತಾ ಅಂತ ಕೇಳಿದರೆ ಎಲ್ಲರೂ ಚೆನ್ನಾಗಿ ಗೊತ್ತು ಅಂತಾರೆ, ಆರು ತಿಂಗಳು ಕಲಿತ ಮೇಲೆ ತಮಗೆ ಎಷ್ಟು ಗೊತ್ತಿರಲಿಲ್ಲ ಅನ್ನೋದು ತಿಳಿದು ಅವರೇ ತಮಗೆ ಕಡಿಮೆ ಅಂಕ ಹಾಕಿಕೊಳ್ಳುತ್ತಾರೆ, ಕಾಗದದ ಮೇಲೆ ನಿಮ್ಮ ಕಾರ್ಯಕ್ರಮ ಅವರನ್ನು ಕೆಡಿಸಿದ ಹಾಗೆ ಕಾಣುತ್ತದೆ! ಅದಕ್ಕೇ ಕೊನೆಯಲ್ಲಿ ಒಟ್ಟಿಗೆ ಕೇಳಿ: ಆಗ ಹೇಗಿದ್ದಿರಿ, ಈಗ ಹೇಗಿದ್ದೀರಿ.

ಸುಟ್ಟಕೈ:
ನಾವು ಒಬ್ಬರಿಗೆ ಕೊಟ್ಟಿದ್ದೆವು. ಸೊಗಸಾದ ದಪ್ಪ ರಿಪೋರ್ಟ್ ಬಂತು, ಬಣ್ಣ ಬಣ್ಣದ ಚಿತ್ರ. ಮುಂದಿನ ವರ್ಷ ಹೋಲಿಸಿ ನೋಡೋಣ ಅಂದರೆ ಮೂಲ ಡೇಟಾ ನಮ್ಮ ಹತ್ತಿರ ಇಲ್ಲ. ಕೇಳಿದರೆ ಅದಕ್ಕೆ ಬೇರೆ ದುಡ್ಡು! ಒಪ್ಪಂದದಲ್ಲೇ ಬರೆಸಿ: ಡೇಟಾ ನಮ್ಮದು, ಮಕ್ಕಳ ಹೆಸರು ಬೇರೆ ಫೈಲಿನಲ್ಲಿ, ರಿಪೋರ್ಟ್ ನಾಲ್ಕು ಪುಟ ಮೀರಬಾರದು, ಕರಡನ್ನು ಮೊದಲು ನಮಗೆ ತೋರಿಸಬೇಕು.

ಇನ್ನೊಂದು. ಜಗಳದ ಪ್ರಶ್ನೆ ಕೇಳಿದಾಗ ಒಂದು ಮಗು, ನನಗೆ ಹೊಡೀತಾರೆ ಅಂದುಬಿಟ್ಟರೆ? ಯಾರಿಗೆ ತಿಳಿಸಬೇಕು, ಎಷ್ಟು ಬೇಗ ಅಂತ ಮೊದಲೇ ಗೊತ್ತಿರಬೇಕು. ನಮಗೆ ಗೊತ್ತಿರಲಿಲ್ಲ. ಅದಕ್ಕೆ ತಯಾರಿಲ್ಲದಿದ್ದರೆ ಆ ಪ್ರಶ್ನೆ ಕೇಳಲೇಬೇಡಿ. ಮತ್ತೆ, ಹೆತ್ತವರ ಸಹಿ ಇದ್ದರೂ ಮಗು ಬೇಡ ಅಂದರೆ ಬೇಡ.

ಒಣಲೆಕ್ಕ:
ಸ್ವಲ್ಪ ತಣ್ಣೀರು ಎರಚುತ್ತೇನೆ, ಬೇಜಾರಾಗಬೇಡಿ. ಮಕ್ಕಳು ನೀವಿಲ್ಲದಿದ್ದರೂ ಬೆಳೀತಾರೆ, ಶಾಲೆಯಲ್ಲೂ ಕಲೀತಾರೆ. ಹಾಗಾಗಿ ಮೊದಲು ಮತ್ತು ಆಮೇಲೆ ಅಳೆದು, ಇದು ನಮ್ಮಿಂದಲೇ ಆಯಿತು ಅನ್ನಬೇಡಿ. 60ರಲ್ಲಿ ಕೊನೆಗೆ 40 ಉಳಿದರೆ ಒಂದೊಂದು ಮಗುವೂ 2.5 ಪರ್ಸೆಂಟ್. ಪರ್ಸೆಂಟ್ ಬಿಟ್ಟು ತಲೆ ಎಣಿಸಿ ಬರೆಯಿರಿ.

ಖುಷಿಯ ಮಾತನ್ನೂ ಜಾಸ್ತಿ ನಂಬಬೇಡಿ. ಅಮೆರಿಕದಲ್ಲಿ 1939ರಿಂದ 1945ರವರೆಗೆ ಕೇಂಬ್ರಿಡ್ಜ್-ಸಾಮರ್ವಿಲ್ ಅಂತ ಒಂದು ಅಧ್ಯಯನ ನಡೆಯಿತು. 506 ಹುಡುಗರು, ಅರ್ಧ ಜನಕ್ಕೆ ಸಲಹೆಗಾರರು, ಪಾಠ, ಬೇಸಿಗೆ ಶಿಬಿರ. ಯಾರು ಯಾವ ಕಡೆ ಅಂತ ನಾಣ್ಯ ಚಿಮ್ಮಿ ಆರಿಸಿದ್ದರು. 30 ವರ್ಷ ಆದ ಮೇಲೆ ಜೋನ್ ಮೆಕಾರ್ಡ್ ಅನ್ನುವ ಸಂಶೋಧಕಿ ಆ ಹುಡುಗರನ್ನು ಹುಡುಕಿ ಕೇಳಿದರು. ಸಹಾಯ ಪಡೆದವರಲ್ಲಿ ಹೆಚ್ಚಿನವರು ಅದರಿಂದ ಒಳ್ಳೆಯದಾಯಿತು ಅಂದರು. ದಾಖಲೆ ನೋಡಿದರೆ ಕುಡಿತ, ಮಾನಸಿಕ ಕಾಯಿಲೆ, ಬೇಗ ಸಾಯುವುದು, ಎಲ್ಲದರಲ್ಲೂ ಸಹಾಯ ಸಿಗದವರಿಗಿಂತ ಅವರ ಸ್ಥಿತಿಯೇ ಕೆಟ್ಟದಾಗಿತ್ತು. 1978ರಲ್ಲಿ ಇದು ಅಚ್ಚಾಯಿತು.

ನಿಮ್ಮ ಜಾಗದಲ್ಲಿದ್ದರೆ ನಾನು ಫಾರಂ ಮುಟ್ಟುವ ಮೊದಲು ಹಾಜರಿ ಪುಸ್ತಕ ತೆಗೆಯುತ್ತಿದ್ದೆ. ಬಿಟ್ಟು ಹೋದ ಮಕ್ಕಳು ಯಾರು?

ಸೋಸಿಕೇಳಿ:
ಒಣಲೆಕ್ಕ ಅವರ ಕೊನೆಯ ಮಾತಿಗೆ ನನ್ನ ವೋಟು. ಉಳಿದವರನ್ನು ಮಾತ್ರ ಅಳೆದರೆ ಯಾವ ಕಾರ್ಯಕ್ರಮವೂ ಚೆನ್ನಾಗೇ ಕಾಣುತ್ತದೆ.

ನಾಲ್ಕೇಜನ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಹಾಜರಿ ಪುಸ್ತಕ ಹರಡಿಕೊಂಡು ಕೂತೆವು. ಮೂರನೇ ತಿಂಗಳ ಹೊತ್ತಿಗೆ 17 ಮಕ್ಕಳು ನಿಂತುಬಿಟ್ಟಿದ್ದಾರೆ. ಅದರಲ್ಲಿ 11 ಮಕ್ಕಳಿಗೆ ಮನೆಯಲ್ಲಿ ಚಿಕ್ಕ ತಮ್ಮ ತಂಗಿ ಇದ್ದಾರೆ. ಸಂಜೆ ಅವರನ್ನು ನೋಡಿಕೊಳ್ಳುವವರು ಇವರೇ ಇರಬೇಕು ಅಂತ ನಮ್ಮ ಊಹೆ, ಹೋಗಿ ಕೇಳಬೇಕು. ಇದು ನಮ್ಮ ಕಣ್ಣೆದುರಿಗೇ ಇತ್ತು ನೋಡಿ.

ಕನ್ಸಲ್ಟೆಂಟ್‌ಗೆ ಫೋನ್ ಮಾಡಿ, ಫಾರಂ ಬೇಡ, ಎರಡು ದಿನ ನಮ್ಮ ಜೊತೆ ಕೂತು ಆ ಒಂದು ಹಾಳೆ ಬರೆಸಿ, ಓದಿನ ಪರೀಕ್ಷೆ ಹೇಗೆ ಮಾಡಬೇಕು ಅಂತ ನಮಗೆ ಕಲಿಸಿಕೊಡ್ತೀರಾ ಅಂತ ಕೇಳಿದೆ. ಯೋಚನೆ ಮಾಡಿ ಹೇಳ್ತೀನಿ ಅಂದಿದ್ದಾರೆ.