‘ಖೋತಾ ಬಜೆಟ್’, ‘ವಿತ್ತೀಯ ಕೊರತೆ’: ಸಾಲ ಅಂತ ಗೊತ್ತಾಗೋ ಹಾಗೆ ಹೇಳೋಕೆ ಯಾವ ಪದ?

ಎಲ್ರಿಗೂ ನಮಸ್ಕಾರ. ಬಜೆಟ್ ಸುದ್ದೀಲಿ ಬರೋ ಕೆಲವು ಪದಗಳ ಬಗ್ಗೆ ಕೇಳೋದಿದೆ, ಸ್ವಲ್ಪ ಉದ್ದ ಆಗುತ್ತೆ.

ನಮ್ಮೂರಲ್ಲಿ ಹೆಂಗಸರ ಸಂಘಗಳ ಲೆಕ್ಕ ಬರೆದುಕೊಡ್ತೀನಿ. ಅಸಲೆಷ್ಟು, ಬಡ್ಡಿ ಎಷ್ಟು, ಇನ್ನೆಷ್ಟು ಕಂತು ಬಾಕಿ ಅಂತ ಪುಸ್ತಕ ನೋಡದೇ ಹೇಳೋವಂಥ ಜನ ಅವ್ರು. 2025ರ ಮಾರ್ಚಲ್ಲಿ ರಾಜ್ಯದ ಬಜೆಟ್ ಬಂದಾಗ ಒಬ್ರು ಪೇಪರ್ ಹಿಡ್ಕೊಂಡು ಬಂದು ‘ಖೋತಾ ಬಜೆಟ್ಟಂತಲ್ಲಣ್ಣ, ಹಂಗಾರೆ ನಮ್ಮ ಎರಡು ಸಾವ್ರಕ್ಕೂ ಕತ್ರಿ ಬಿತ್ತಾ?’ ಅಂದ್ರು. ಅವ್ರು ಹಾಗೆ ಓದ್ಕೊಂಡಿದ್ರಲ್ಲಿ ಏನೂ ತಪ್ಪಿಲ್ಲ. ‘ಸಂಬಳ ಖೋತಾ’, ‘ಅನುದಾನ ಖೋತಾ’ ಅಂತ ಅದೇ ಪೇಪರಲ್ಲಿ ದಿನಾ ಬರುತ್ತೆ, ಅಲ್ಲೆಲ್ಲ ಖೋತಾ ಅಂದ್ರೆ ಕಡಿತ. ಬಜೆಟ್ ಜೊತೆ ಸೇರಿದ ತಕ್ಷಣ ಮಾತ್ರ ಅದು ಆದಾಯಕ್ಕಿಂತ ಖರ್ಚು ಜಾಸ್ತಿ ಅನ್ನೋ ಅರ್ಥ ಆಗ್ಬಿಡುತ್ತೆ, ಹೆಚ್ಚೂಕಮ್ಮಿ ಉಲ್ಟಾ. ನಿಜಕ್ಕೂ ಆ ವರ್ಷ ಬಜೆಟ್ ಗಾತ್ರ 3.71 ಲಕ್ಷ ಕೋಟಿಯಿಂದ 4.09 ಲಕ್ಷ ಕೋಟಿಗೆ ಏರಿತ್ತು, ಅವ್ರ ಎರಡು ಸಾವ್ರ ಬರೋ ಗೃಹಲಕ್ಷ್ಮಿಯೂ ಸೇರಿದ ಗ್ಯಾರಂಟಿಗಳಿಗೆ 51 ಸಾವಿರ ಕೋಟಿ ತೆಗೆದಿಟ್ಟಿದ್ರು.

ಇನ್ನೂ ಕಷ್ಟ ಇರೋದು ‘ರಾಜಸ್ವ ಕೊರತೆ’, ‘ವಿತ್ತೀಯ ಕೊರತೆ’ ಅನ್ನೋ ಜೋಡಿ ಪದಗಳಲ್ಲಿ. ಎರಡೂ ಕೊರತೇನೇ, ವ್ಯತ್ಯಾಸ ಏನು ಅಂತ ಪದ ನೋಡಿ ಯಾರಿಗೂ ಹೊಳೆಯಲ್ಲ. ಅದೇ 2025-26ರ ಲೆಕ್ಕ ತಗೊಳ್ಳಿ. ತೆರಿಗೆ ಗಿರಿಗೆ ಎಲ್ಲಾ ಸೇರಿ ಸರ್ಕಾರಕ್ಕೆ ಬರೋ ಆದಾಯ 2,92,477 ಕೋಟಿ ಅಂತ ಅಂದಾಜು ಹಾಕಿದ್ರು. ಸಂಬಳ, ಪಿಂಚಣಿ, ಬಡ್ಡಿ, ಗ್ಯಾರಂಟಿ ಈ ಥರದ ವರ್ಷಾ ವರ್ಷಾ ತಿಂದು ಮುಗಿಯೋ ಖರ್ಚು 3,11,739 ಕೋಟಿ. ಇವೆರಡರ ಮಧ್ಯದ 19,262 ಕೋಟಿ ರಾಜಸ್ವ ಕೊರತೆ. ಇದರ ಮೇಲೆ ರಸ್ತೆ, ಕಟ್ಟಡ, ನೀರಾವರಿ ಇಂಥ ಬಂಡವಾಳ ವೆಚ್ಚ 71,336 ಕೋಟಿ ಇದೆ, ಅದನ್ನೂ ಸೇರಿಸಿದ್ರೆ 90,428 ಕೋಟಿ ಆಗುತ್ತೆ (ಸಾಲ ಅಲ್ಲದ ಚಿಲ್ಲರೆ ಜಮೆ ಕಳೆದು), ಅದು ವಿತ್ತೀಯ ಕೊರತೆ. ಅಂದ್ರೆ ಒಂದು, ಮನೆಖರ್ಚಿಗೇ ಕಮ್ಮಿ ಬಿದ್ದಿದ್ದು. ಇನ್ನೊಂದು, ಮನೆಖರ್ಚು, ಮನೆ ಕಟ್ಟಿಸೋದು ಎರಡೂ ಸೇರಿ ಆ ವರ್ಷ ಏರೋ ಹೊಸ ಸಾಲ. ಸಂಘದಲ್ಲಿ ಹಸು ತರೋಕೆ ಸಾಲ ಎತ್ತೋರಿಗೂ ರೇಷನ್ನಿಗೆ ಸಾಲ ಎತ್ತೋರಿಗೂ ಇರೋ ವ್ಯತ್ಯಾಸ ಇದು, ಹೀಗೆ ಹೇಳಿದ್ರೆ ಒಂದೇ ನಿಮಿಷಕ್ಕೆ ಅರ್ಥ ಮಾಡ್ಕೊಂಡ್ರು. ‘ವಿತ್ತೀಯ ಕೊರತೆ’ ಅನ್ನೋದ್ರಲ್ಲಿ ಸಾಲ ಅನ್ನೋ ಮಾತೇ ಇಲ್ವಲ್ಲ, ನಂಗೆ ಬೇಜಾರಾಗೋದು ಅದಕ್ಕೇ.

ಪೇಪರಲ್ಲಿ ‘1.16 ಲಕ್ಷ ಕೋಟಿ ಸಾಲ’ ಅಂತಾನೂ ಬಂದಿತ್ತು, ಅದಕ್ಕೂ 90 ಸಾವಿರ ಕೋಟಿಗೂ ತಾಳೆ ಆಗ್ತಿಲ್ಲ ಅಂತ ಕೇಳಿದ್ರು. ಹಳೇ ಸಾಲದ ಅಸಲು ತೀರಿಸೋಕೆ 26,474 ಕೋಟಿ ಬೇಕಿತ್ತು, ಅದೂ ಬಹುತೇಕ ಹೊಸ ಸಾಲದಿಂದಲೇ. ಸೊಸೈಟೀಲಿ ರಿನ್ಯೂವಲ್ ಮಾಡ್ಸೋದು ಅಂತಾರಲ್ಲ ಅದು.

ರಾಜಸ್ವ ಬೇಡ ಕಂದಾಯ ಅನ್ನೋಣ ಅಂತ ಕೆಲವ್ರು ಹೇಳ್ತಾರೆ, ರೆವಿನ್ಯೂ ಇಲಾಖೆ ಹೇಗಿದ್ರೂ ಕಂದಾಯ ಇಲಾಖೇನೇ ಅಲ್ವಾ ಅಂತ. ಆದ್ರೆ ಹಳ್ಳೀಲಿ ಕಂದಾಯ ಅಂದ್ರೆ ಜಮೀನಿಂದು, ಮನೇದು. ‘ಕಂದಾಯ ಕೊರತೆ’ ಅಂದ್ರೆ ಯಾರೋ ಕಂದಾಯ ಕಟ್ಟಿಲ್ಲ ಅಂದ್ಕೋತಾರೆ. ಒಪ್ಪೋಕಾಗಲ್ಲ.

‘ಹೊಣೆಗಾರಿಕೆ’ ಬಗ್ಗೆಯೂ ಕೇಳಬೇಕು. ಸರ್ಕಾರದ ಸಾಲಕ್ಕೆ ಮಿತಿ ಹಾಕೋ ರಾಜ್ಯದ 2002ರ ಕಾಯ್ದೆ ಹೆಸ್ರು ವಿತ್ತೀಯ ಹೊಣೆಗಾರಿಕೆ ಅಧಿನಿಯಮ, ಅಲ್ಲಿ ಅದು ಜವಾಬ್ದಾರಿ. ಆ ಕಾಯ್ದೆಯ ಮಿತಿ ಲೆಕ್ಕ ಹಾಕೋವಾಗ 2025-26ಕ್ಕೆ ‘ಒಟ್ಟು ಹೊಣೆಗಾರಿಕೆ 7,64,655 ಕೋಟಿ’ ಅಂತ ಬಂದಿತ್ತು, ಇಲ್ಲಿ ಅದು ತೀರಿಸಬೇಕಾದ ಸಾಲ. ರಾಜ್ಯದ ಒಟ್ಟು ಉತ್ಪನ್ನದ 25% ಮೀರಬಾರದು ಅನ್ನೋದು ಮಿತಿ, ಆ ವರ್ಷ ಅಂದಾಜು ಬಂದಿದ್ದು 24.91%, ಅಷ್ಟು ಹತ್ರ. ಇಷ್ಟು ಮುಖ್ಯವಾದ ಸಂಗತಿ ಓದೋರಿಗೆ ಸಾಲ ಅಂತ ಕಾಣಲೇ ಇಲ್ಲ ಅಂದ್ರೆ ಹೇಗೆ? ‘ಸಾಲದ ಹೊರೆ’ ಅಂದ್ರೆ ಪಕ್ಷ ವಹಿಸಿದ ಹಾಗಾಗುತ್ತೆ, ‘ಬಾಕಿ ಸಾಲ’ ಅಂತ ನೇರವಾಗಿ ಅಂದ್ರೆ ಸಾಕು ಅನ್ಸುತ್ತೆ.

ಹಾಗಂತ ‘ಪ್ರತಿಯೊಬ್ಬರ ತಲೆ ಮೇಲೆ ಲಕ್ಷ ರೂಪಾಯಿ ಸಾಲ’ ಅನ್ನೋದೂ ನಂಗೆ ಸರಿ ಕಾಣಲ್ಲ. ಬ್ಯಾಂಕಿನವ್ರು ಮನೆಗೆ ನೋಟಿಸ್ ಕಳಿಸ್ತಾರಾ ಅಂತ ಒಬ್ಬ ವಯಸ್ಸಾದೋರು ನಿಜವಾಗ್ಲೂ ಹೆದ್ರಿದ್ರು. ಮನೆಗೆ ಅದು ಬರೋದು ಬೇರೆ ದಾರೀಲಿ. 2024ರ ಜೂನಲ್ಲಿ ಮಾರಾಟ ತೆರಿಗೆ ಏರ್ಸಿದಾಗ ಪೆಟ್ರೋಲ್, ಡೀಸೆಲ್ ಎರಡೂ ಲೀಟರಿಗೆ ಸುಮಾರು 3 ರೂಪಾಯಿ ಜಾಸ್ತಿ ಆಯ್ತಲ್ಲ ಹಾಗೆ ಬರುತ್ತೆ, ಇಲ್ಲಾ ಬಡ್ಡಿಗೇ ದುಡ್ಡು ಹೋಗಿ ಶಾಲೆ ಆಸ್ಪತ್ರೆಗೆ ಉಳಿಯೋದು ಕಮ್ಮಿ ಆಗುತ್ತೆ. ಕೇಂದ್ರದ್ದು ನೋಡಿ, 2025-26ರ 50.65 ಲಕ್ಷ ಕೋಟಿ ಬಜೆಟ್ಟಲ್ಲಿ ಬಡ್ಡಿ ಒಂದೇ 12.76 ಲಕ್ಷ ಕೋಟಿ, ಕಾಲು ಭಾಗ.

ನಾನು ಸದ್ಯಕ್ಕೆ ರಾಜಸ್ವ ಕೊರತೆಗೆ ‘ನಿತ್ಯಖರ್ಚಿನ ಕೊರತೆ’, ವಿತ್ತೀಯ ಕೊರತೆಗೆ ‘ವರ್ಷದ ಹೊಸ ಸಾಲ’ ಅಂತ ಹೇಳ್ತಿದೀನಿ. ಹೊಸ ಸಾಲ ಅಂದ್ರೆ 1.16 ಲಕ್ಷ ಕೋಟಿ ಅಂತ ಅಂದ್ಕೊಳ್ಳೋ ಅಪಾಯ ಇದೆ, ‘ಏರಿದ ಸಾಲ’ ಅನ್ನಬಹುದಾ? ಊಟಕ್ಕೆ, ದಿನದ ಖರ್ಚಿಗೆ ಅಂತ ಮಾಡೋ ಸಾಲಕ್ಕೆ ನಿಮ್ಮ ಕಡೆ ಬೇರೆ ಹೆಸರಿದ್ಯಾ? ಕೈಗಡ, ಉದ್ರಿ ಎರಡೂ ಇಲ್ಲಿ ಹೊಂದಲ್ಲ, ಅವು ಚಿಕ್ಕವು, ಬಡ್ಡಿ ಇಲ್ಲದವು. ಖೋತಾ ಪದ ಉತ್ತರ ಕರ್ನಾಟಕದ ಕಡೆ ಮಾತಲ್ಲಿ ಹೇಗೆ ಬಳಸ್ತೀರಿ, ಕಡಿತ ಅಂತಾನಾ, ಲುಕ್ಸಾನು ಅಂತಾನಾ? ಆ ಕಡೆಯವ್ರು ದಯವಿಟ್ಟು ಒಂದೆರಡು ವಾಕ್ಯದ ಉದಾಹರಣೆ ಸಮೇತ ತಿಳಿಸಿ.